ಕಿವಿ ಓಲೆ ಕಳೆದರೆ, ಒಟಿಪಿ ಬಾರದಿದ್ದರೆ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಸಂಘಗಳಿಗೆ ಲಸಿಕೆ ಕಾರ್ಯಕ್ರಮಕ್ಕೋ ಬರಡು ರಾಸುಗಳ ಶಿಬಿರಕ್ಕೋ ಹೋದಾಗ, ಈಗೀಗ ರೋಗದ ವಿಚಾರಕ್ಕಿಂತ ಮೊದಲು ಎರಡು ಮಾತು ಕಿವಿಗೆ ಬೀಳುತ್ತವೆ. “ಓಲೆ ಬಿದ್ದೋಗೈತೆ ಡಾಕ್ಟ್ರೇ, ಇನ್ನೊಂದು ಹಾಕ್ಬಿಡ್ರಿ” ಎನ್ನುವುದು ಒಂದು. “ಒಟಿಪಿ ಬರ್ತಾನೇ ಇಲ್ಲ, ಏನ್ಮಾಡೋದು” ಎನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಇದೆ. ಆದರೆ ‘ಇನ್ನೊಂದು ಹಾಕಿಬಿಡುವುದು’ ನೀವು ಅಂದುಕೊಂಡಷ್ಟು ಸಣ್ಣ ಕೆಲಸವಲ್ಲ. ಅದನ್ನು ತಪ್ಪಾಗಿ ಮಾಡಿದರೆ ಹಸುವಿನ ಹಿಂದಿನ ಲೆಕ್ಕವೆಲ್ಲ ಹೋಗುತ್ತದೆ, ವಿಮೆ ಹಣವೂ ಕೈತಪ್ಪಬಹುದು.

ಹಳದಿ ಬಣ್ಣದ ಆ ಓಲೆಯ ಮೇಲೆ 12 ಅಂಕಿಗಳೂ ಬಾರ್‌ಕೋಡ್ ಗೆರೆಗಳೂ ಇರುವುದನ್ನು ನೋಡಿದ್ದೀರಿ. 2019ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಕಾಲುಬಾಯಿ ಜ್ವರದ ಲಸಿಕೆಯ ಜೊತೆಜೊತೆಗೇ ಓಲೆ ಹಾಕುವ ಕೆಲಸವೂ ಮನೆಮನೆಗೆ ಬಂತು. ವಿವರಗಳನ್ನು ಮೊದಲು ‘ಇನಾಫ್’ ಎಂಬ ತಂತ್ರಾಂಶದಲ್ಲಿ ಬರೆಯುತ್ತಿದ್ದೆವು, ಈಗ ‘ಭಾರತ್ ಪಶುಧನ್’ನಲ್ಲಿ ಬರೆಯುತ್ತೇವೆ. ಅಂಕಿಗಳನ್ನು ನೋಡಿ ಹಸು ಯಾವ ಊರಿನದು, ಯಾವ ತಳಿಯದು ಎಂದು ಹೇಳಲು ಬರುವುದಿಲ್ಲ. ಆ ಸಂಖ್ಯೆಯನ್ನು ಮೊಬೈಲ್‌ನಲ್ಲಿ ಒತ್ತಿದಾಗ ಮಾತ್ರ ಅದರ ಹಿಂದಿರುವ ಕಥೆ ತೆರೆದುಕೊಳ್ಳುತ್ತದೆ. ಯಾರ ಹಸು, ಯಾವ ತಳಿ, ಎಷ್ಟನೇ ಸೂಲು, ಯಾವ ದಿನ ಯಾವ ಹೋರಿಯ ವೀರ್ಯ ಹಾಕಲಾಯಿತು, ಯಾವ ಲಸಿಕೆ ಯಾವಾಗ ಆಯಿತು ಎನ್ನುವುದೆಲ್ಲ ಅಲ್ಲಿರುತ್ತದೆ.

ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಿಬಿಡೋಣ. ನಿಮ್ಮ ಆಧಾರ್ ಸಂಖ್ಯೆಗೂ 12 ಅಂಕಿ, ಓಲೆಯ ಸಂಖ್ಯೆಗೂ 12 ಅಂಕಿ. ಓಲೆ ನಂಬರ್ ಕೇಳಿದರೆ ಆಧಾರ್ ಕಾರ್ಡ್ ತಂದು ಕೊಡುವವರು ಬಹಳ ಜನ. ಸಂಘದಲ್ಲಿ ಹಾಲು ಹಾಕುವಾಗ ಹೇಳುವ ಸದಸ್ಯರ ಕೋಡ್ ಬೇರೆ, ಎಫ್‌ಐಡಿ ಎಂದು ಶುರುವಾಗುವ ರೈತರ ಗುರುತಿನ ಸಂಖ್ಯೆ ಬೇರೆ. ಈ ಮೂರೂ ನಿಮ್ಮವು, ಓಲೆಯ ಸಂಖ್ಯೆ ಮಾತ್ರ ಹಸುವಿನದು. ಮನೆಯಲ್ಲಿ ನಾಲ್ಕು ರಾಸು ಇದ್ದರೆ ನಾಲ್ಕು ಸಂಖ್ಯೆ.

ಹೊಸ ಓಲೆ ಹಾಕಿದರೆ ಸಾಕೇ?

ಊರಿಗೆ ಬರುವ ಕಾರುಗಳ ರಿಮೋಟ್ ಕೀ ನೋಡಿರುತ್ತೀರಿ. ಅದು ಕಳೆದುಹೋದರೆ, ಅದೇ ಕಂಪನಿಯ ಹೊಸ ಕೀ ಕೊಂಡು ತಂದ ಮಾತ್ರಕ್ಕೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಗಾಡಿಯೊಳಗಿನ ಕಂಪ್ಯೂಟರಿಗೆ ‘ಇದೂ ನಿನ್ನದೇ ಕೀ’ ಎಂದು ಮೆಕ್ಯಾನಿಕ್ ಕಲಿಸಿಕೊಡಬೇಕು, ಕಳೆದ ಕೀಯನ್ನು ಅದರ ನೆನಪಿನಿಂದ ತೆಗೆಯಬೇಕು. ಎಷ್ಟೋ ಗಾಡಿಗಳಲ್ಲಿ ಅದಕ್ಕೊಂದು ಕೋಡ್ ಬೇಕು. ಗಾಡಿ ಕೊಂಡ ದಿನವೇ ಅದನ್ನು ಬರೆದಿಟ್ಟುಕೊಂಡವರಿಗೆ ಕೆಲಸ ಸಲೀಸು, ಇಲ್ಲದವರಿಗೆ ಅಲೆದಾಟ.

ಓಲೆಯದೂ ಇದೇ ಕಥೆ. ಹೊಸ ಓಲೆಯ ಮೇಲೆ ಹೊಸ ಸಂಖ್ಯೆ ಇರುತ್ತದೆ, ಹಳೆಯ ಸಂಖ್ಯೆ ಇರುವ ಓಲೆಯನ್ನೇ ಮತ್ತೆ ತರಲಾಗದು. ಆದ್ದರಿಂದ ಆ್ಯಪ್‌ನಲ್ಲಿ ಓಲೆ ಬದಲಾವಣೆ ಎಂಬ ಕಡೆ ಹೋಗಿ ಹಳೆಯ ಸಂಖ್ಯೆಯನ್ನೂ ಹೊಸದನ್ನೂ ಒಟ್ಟಿಗೆ ಕೊಟ್ಟು, ‘ಇದು ಅದೇ ಹಸು’ ಎಂದು ಜೋಡಿಸಬೇಕು. ಹೀಗೆ ಮಾಡಿದರೆ ಹಿಂದಿನ ದಾಖಲೆಯೆಲ್ಲ ಹೊಸ ಸಂಖ್ಯೆಗೆ ಬರುತ್ತದೆ. ಹಾಗೆ ಮಾಡದೆ ಹೊಸ ಓಲೆ ಹಾಕಿ ಹೊಸ ರಾಸು ಎಂದು ನೋಂದಾಯಿಸಿದರೆ, ನಿಮ್ಮ ಕೊಟ್ಟಿಗೆಯಲ್ಲಿ ಒಂದೇ ಹಸು ಇದ್ದರೂ ಕಾಗದದಲ್ಲಿ ಎರಡಾಗುತ್ತವೆ. ಒಂದಕ್ಕೆ ಚರಿತ್ರೆ ಇದೆ, ಹಸು ಇಲ್ಲ. ಇನ್ನೊಂದಕ್ಕೆ ಹಸು ಇದೆ, ಚರಿತ್ರೆ ಇಲ್ಲ.

“ಚರಿತ್ರೆ ಕಟ್ಕೊಂಡು ಏನ್ಮಾಡ್ಲಿ, ಹಾಲು ಕೊಟ್ರೆ ಸಾಕು” ಎಂದು ಹೊಳಲ್ಕೆರೆ ಕಡೆಯ ಒಬ್ಬ ಅಜ್ಜಿ ನನ್ನನ್ನು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ಎರಡು ಕಾರಣ ಹೇಳುತ್ತೇನೆ.

ನಿಮ್ಮ ಹಸುವಿಗೆ ಹುಟ್ಟಿದ ಹೆಣ್ಣು ಕರು ಎರಡು, ಎರಡೂವರೆ ವರ್ಷಕ್ಕೆ ಬೆದೆಗೆ ಬರುತ್ತದೆ. ಅದರ ಅಪ್ಪ ಯಾವ ಹೋರಿ ಎಂದು ದಾಖಲೆಯಲ್ಲಿದ್ದರೆ ಆ ಹೋರಿಯ ವೀರ್ಯವನ್ನು ಬಿಟ್ಟು ಬೇರೆಯದನ್ನು ಹಾಕುತ್ತೇವೆ. ದಾಖಲೆ ಕಳೆದಿದ್ದರೆ ಅಪ್ಪನ ವೀರ್ಯವೇ ಮಗಳಿಗೆ ಬೀಳುವ ಸಾಧ್ಯತೆ ಇದೆ. ಹಾಗಾದರೆ ಕರುಗಳು ಬಡಕಲಾಗುತ್ತವೆ, ಹಾಲೂ ಇಳಿಯುತ್ತದೆ. ಮನೆಯಲ್ಲೇ ಕರು ಬೆಳೆಸಿ ಹಸು ಮಾಡಿಕೊಳ್ಳುವ ನಿಮ್ಮಂಥವರಿಗೇ ಇದರ ನಷ್ಟ ಹೆಚ್ಚು.

ಎರಡನೆಯದು ಇನ್ನೂ ಗಂಭೀರ. ಗರ್ಭಪಾತ ಮಾಡಿಸುವ ಬ್ರೂಸೆಲ್ಲಾ ರೋಗದ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಂದೇ ಸಲ ಹಾಕುತ್ತೇವೆ. ಅದು ಜೀವಂತ ರೋಗಾಣುವಿನ ಲಸಿಕೆ. ಗಬ್ಬದ ಹಸುವಿಗೆ ಹಾಕಿದರೆ ಕಂದು ಹಾಕಬಹುದು. ದೊಡ್ಡ ಹಸುವಿಗೆ ಹಾಕಿದರೆ ಮುಂದೆ ರಕ್ತ ಪರೀಕ್ಷೆ ಮಾಡಿದಾಗ ರೋಗ ಇದೆಯೋ ಲಸಿಕೆಯ ಗುರುತೋ ಎಂದು ತಿಳಿಯದಂತಾಗುತ್ತದೆ. ಕರುವಾಗಿದ್ದಾಗ ಲಸಿಕೆ ಆಗಿದೆಯೋ ಇಲ್ಲವೋ ಎಂಬುದನ್ನು ನಾಲ್ಕು ವರ್ಷದ ನಂತರ ನೆನಪಿಟ್ಟು ಹೇಳುವವರು ಯಾರು? ಓಲೆಯ ಸಂಖ್ಯೆ ಹೇಳುತ್ತದೆ. (ಬ್ರೂಸೆಲ್ಲಾ ಮನುಷ್ಯರಿಗೂ ಹರಡುವ ರೋಗ. ಕಂದು ಹಾಕಿದ ಹಸುವಿನ ಮಾಸುಚೀಲವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಈ ಬಗ್ಗೆ ಬೇರೆಯಾಗಿಯೇ ಬರೆಯಬೇಕು.)

ಹಳೆಯ ಸಂಖ್ಯೆ ಗೊತ್ತಿಲ್ಲದಿದ್ದರೆ

ಬಿದ್ದ ಓಲೆ ಸಿಕ್ಕರೆ ಎಸೆಯಬೇಡಿ. ತುಂಡಾಗಿದ್ದರೂ ಸರಿ, ಸಂಖ್ಯೆ ಓದಲು ಬಂದರೆ ಸಾಕು, ತಂದುಕೊಡಿ. ಸಿಗದಿದ್ದರೂ ದಾರಿ ಇದೆ. ನೋಂದಣಿಯ ಸಮಯದಲ್ಲಿ ಕೊಟ್ಟ ಮೊಬೈಲ್ ನಂಬರ್ ಹಾಕಿದರೆ ಆ ಮಾಲೀಕರ ಹೆಸರಿನಲ್ಲಿರುವ ಎಲ್ಲ ರಾಸುಗಳ ಪಟ್ಟಿ ಬರುತ್ತದೆ. ತಳಿ, ವಯಸ್ಸು, ಸೂಲು ನೋಡಿ, ಓಲೆ ಇರುವವುಗಳನ್ನು ಬಿಟ್ಟರೆ ಉಳಿದದ್ದೇ ನಮ್ಮದು. ಆದರೆ ಮನೆಯಲ್ಲಿ ಎರಡು ಜೆರ್ಸಿ ಮಿಶ್ರತಳಿ ಹಸು ಇದ್ದು, ಎರಡರ ಓಲೆಯೂ ಬಿದ್ದಿದ್ದರೆ ಕಷ್ಟ. ಎಚ್‌ಎಫ್ ಹಸುವಿನ ಕಪ್ಪು-ಬಿಳಿ ಮಚ್ಚೆ ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಕಂದು ಬಣ್ಣದ ಜೆರ್ಸಿಗಳು ಹಾಗಲ್ಲ, ಕಾಗದದಲ್ಲಿ ಅವು ಅಕ್ಕತಂಗಿಯರಂತೆಯೇ ಕಾಣುತ್ತವೆ. ನಮ್ಮ ಹಿರಿಯರು ಸುಳಿ, ಕೊಂಬು, ಹಣೆಯ ಬೊಟ್ಟು ನೋಡಿ ದನ ಗುರುತಿಸುತ್ತಿದ್ದರು. ಆ ಕಣ್ಣು ನಿಮಗೂ ಇದೆ, ಆದರೆ ಆ್ಯಪ್‌ಗೆ ಇಲ್ಲ.

ಆದ್ದರಿಂದ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಹಾಲಿನ ಪಾಸ್‌ಬುಕ್‌ನ ಹಿಂಬದಿಯಲ್ಲಿ ಹಸುವಿನ ಹೆಸರು ಬರೆದು ಅದರ ಮುಂದೆ 12 ಅಂಕಿ ಬರೆಯಿರಿ. ನಾಲ್ಕು ನಾಲ್ಕಾಗಿ ಬಿಡಿಸಿ ಬರೆದರೆ ತಪ್ಪು ಕಡಿಮೆ. ಮಕ್ಕಳ ಹತ್ತಿರ ಕ್ಯಾಮೆರಾ ಫೋನ್ ಇದ್ದರೆ ಓಲೆಯದೊಂದು, ಮುಖದ್ದೊಂದು, ಎರಡೂ ಪಕ್ಕೆಯದೊಂದೊಂದು ಫೋಟೊ ತೆಗೆಸಿ. ಸಗಣಿ ಮೆತ್ತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಚಾಕುವಿನಿಂದ ಕೆರೆಯಬೇಡಿ. ಕೆರೆದರೆ ಅಂಕಿಯೂ ಹೋಗುತ್ತದೆ.

ಓಲೆ ಬೀಳುವುದೇಕೆ? ನಮ್ಮ ಕಡೆ ಮೊದಲ ಅಪರಾಧಿ ಬಳ್ಳಾರಿ ಜಾಲಿ. ಹಿರಿಯೂರು, ಹೊಸದುರ್ಗದ ಕುರುಚಲಲ್ಲಿ ಮೇಯುವ ದನಗಳ ಓಲೆ ಮುಳ್ಳಿಗೆ ಸಿಕ್ಕಿ ಕಿವಿ ಸೀಳಿಕೊಂಡು ಬರುತ್ತದೆ. ಮನೆಯಲ್ಲೇ ಕಟ್ಟಿ ಮೇಯಿಸುವ ಕಡೆ ಗೋದಲಿಯ ತಂತಿ, ಮೊಳೆ, ಕಿವಿಯ ಮೇಲೆ ಹಾಯುವ ಮುಖದ ಹಗ್ಗ ಇದಕ್ಕೆ ಕಾರಣ. ಒಟ್ಟಿಗೆ ಕಟ್ಟಿದ ಕರುಗಳು ಒಂದರ ಓಲೆಯನ್ನು ಇನ್ನೊಂದು ಚೀಪಿ ಎಳೆಯುತ್ತವೆ. ಓಲೆಯನ್ನು ಕಿವಿಯ ನಡುಭಾಗದಲ್ಲಿ, ಎರಡು ರಕ್ತನಾಳಗಳ ನಡುವೆ ಹಾಕಬೇಕು. ತುದಿಗೆ ಹಾಕಿದರೆ ಬೇಗ ಸೀಳುತ್ತದೆ, ನಾಳಕ್ಕೆ ತಗುಲಿದರೆ ರಕ್ತ ಸುರಿಯುತ್ತದೆ. ಹಾಕುವಾಗ ಪಕ್ಕದಲ್ಲಿ ನಿಂತು ನೋಡುವುದು ನಿಮ್ಮ ಹಕ್ಕು. ಹಾಕಿದ ಮೇಲೆ ಒಂದೆರಡು ವಾರ ಗಾಯದ ಮೇಲೆ ಕಣ್ಣಿರಲಿ. ನೊಣ ಕೂರದಂತೆ ಗಾಯದ ಸುತ್ತ ಬೇವಿನ ಎಣ್ಣೆ ಸವರಿ, ಕೀವು ಅಥವಾ ಹುಳು ಕಂಡರೆ ತಡಮಾಡದೆ ಹೇಳಿ ಕಳುಹಿಸಿ. ಹುಳು ಬಿದ್ದ ಕಿವಿ ಕೊಳೆತು ಓಲೆ ಬಿದ್ದುಹೋದದ್ದನ್ನು ಮಳೆಗಾಲದಲ್ಲಿ ಎಷ್ಟೋ ಕಡೆ ನೋಡುತ್ತೇವೆ.

ಒಟಿಪಿಯ ಪಾಡು

ನೋಂದಣಿ ಮಾಡುವಾಗ, ಲಸಿಕೆಯನ್ನು ದಾಖಲಿಸುವಾಗ ಮಾಲೀಕರ ಮೊಬೈಲ್‌ಗೆ ಒಟಿಪಿ ಬರುತ್ತದೆ. ಇದಕ್ಕೆ ದೊಡ್ಡ ಫೋನ್ ಬೇಕಿಲ್ಲ, ಬಟನ್ ಫೋನ್ ಸಾಕು. ಬಾರದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ದಾಖಲೆಯಲ್ಲಿರುವುದು ಯಾರ ನಂಬರ್? ಹತ್ತರಲ್ಲಿ ಹಲವು ಸಲ ಅದು ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನದ್ದು, ಅಥವಾ ಲಾರಿಯಲ್ಲಿ ಹೋದ ಯಜಮಾನರದ್ದು. ಅವರು ಫೋನ್ ಎತ್ತುವುದಿಲ್ಲ, ಲಸಿಕೆಯವರು ಕಾದು ಮುಂದಿನ ಮನೆಗೆ ಹೋಗುತ್ತಾರೆ. ಇನ್ನು ಕೆಲವರದು ಎಂದೋ ಬಿಟ್ಟ ಸಿಮ್. ನಂಬರ್ ಸರಿಯಿದ್ದರೆ ರೀಚಾರ್ಜ್ ಮುಗಿದಿದೆಯೇ, ಇನ್‌ಬಾಕ್ಸ್ ತುಂಬಿದೆಯೇ ನೋಡಿ. ಕೊಟ್ಟಿಗೆಯೊಳಗೆ ಸಿಗ್ನಲ್ ಇಲ್ಲದಿದ್ದರೆ ಅಂಗಳಕ್ಕೆ ಬನ್ನಿ. ಎರಡು ಮೂರು ಸಲ ಕಳುಹಿಸಿದಾಗ ಎಲ್ಲ ಒಟ್ಟಿಗೆ ಬಂದರೆ ಕೊನೆಯದನ್ನೇ ಹೇಳಿ, ಮೊದಲಿನವು ನಡೆಯುವುದಿಲ್ಲ.

ಒಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಹೇಳುತ್ತಾರೆ, ಹೇಳಿ ಎಂದು ನಾವು ಕೇಳುತ್ತೇವೆ. ನಿಮಗೆ ಅನುಮಾನ ಬರುವುದು ಸಹಜ. ಹೀಗೆ ಇಟ್ಟುಕೊಳ್ಳಿ: ನಿಮ್ಮ ಅಂಗಳದಲ್ಲಿ ನಿಂತಿರುವ, ನಿಮಗೆ ಪರಿಚಯವಿರುವ ಲಸಿಕೆಯವರಿಗೆ, ಅವರು ಕಳುಹಿಸಿದ ಹೊತ್ತಿನಲ್ಲೇ ಬಂದ ಸಂದೇಶದ್ದು ಮಾತ್ರ. ಹೇಳುವ ಮೊದಲು ಸಂದೇಶ ಓದಿಸಿಕೊಳ್ಳಿ. ಅದರಲ್ಲಿ ಹಣ, ಖಾತೆ, ಬ್ಯಾಂಕಿನ ಹೆಸರು ಇದ್ದರೆ ಅದು ನಮ್ಮದಲ್ಲ. “ಹಸುವಿನ ಸಬ್ಸಿಡಿ ಬಂದಿದೆ, ಒಟಿಪಿ ಹೇಳಿ” ಎಂದು ಫೋನ್ ಮಾಡಿದವರಿಗೆ ಯಾವ ಕಾರಣಕ್ಕೂ ಹೇಳಬೇಡಿ. ಮೋಸ ಆಗಿಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ನನ್ನ ಅಭಿಪ್ರಾಯ ಕೇಳಿದರೆ, ಹಸುವಿನ ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಕೈಯಲ್ಲಿರುವ ಫೋನ್ ನಂಬರಿಗೇ ಇರಬೇಕು. ಮುಂಜಾನೆ ಎದ್ದು ಸಗಣಿ ಬಾಚುವವರು, ಬೆದೆ ಗುರುತಿಸುವವರು, ಹಾಲು ಹಿಂಡಿ ಸಂಘಕ್ಕೆ ಹೊರುವವರು ನೀವು. ನಂಬರ್ ಮಾತ್ರ ಇನ್ನೊಬ್ಬರದು ಎಂದರೆ ಹೇಗೆ? ಮಾಲೀಕರ ಮೊಬೈಲ್ ಸಂಖ್ಯೆಯನ್ನು ಆ್ಯಪ್‌ನಲ್ಲಿ ಬದಲಾಯಿಸಬಹುದು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಅಥವಾ ಸಂಘಕ್ಕೆ ಬರುವ ಕೃತಕ ಗರ್ಭಧಾರಣಾ ಕಾರ್ಯಕರ್ತರಲ್ಲಿ ಕೇಳಿ. ಮನೆಯಲ್ಲಿ ಒಂದು ಮಾತು ಹೇಳಿಯೇ ಮಾಡಿಸಿ, ಹಳೆಯ ನಂಬರಿನವರ ಒಪ್ಪಿಗೆಯೂ ಬೇಕಾಗಬಹುದು.

ವಿಮೆಯ ಮಾತು

ಹೆಸರು ಒಂದೇ ಇರಬೇಕು ಎನ್ನಲು ವಿಮೆಯೂ ಕಾರಣ. ನೋಂದಣಿ ಯಜಮಾನರದ್ದು, ವಿಮೆ ನಿಮ್ಮದು, ಬ್ಯಾಂಕ್ ಖಾತೆ ಅತ್ತೆಯವರದ್ದು ಎಂದಾದರೆ ಹಸು ಸತ್ತ ದುಃಖದ ನಡುವೆ ಕಾಗದಕ್ಕಾಗಿ ಓಡಾಡಬೇಕಾಗುತ್ತದೆ. ಓಲೆ ಇಲ್ಲದಿದ್ದರೆ ಪರಿಹಾರವೂ ಇಲ್ಲ ಎನ್ನುವುದು ಜಾನುವಾರು ವಿಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಷರತ್ತು. ವಿಮೆ ಮಾಡಿಸಿದ ಹಸುವಿನ ಓಲೆ ಬಿದ್ದರೆ ಹೊಸದು ಹಾಕಿಸಿದರಷ್ಟೇ ಸಾಲದು. ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಹಾಕಿದ ದಿನ ಬರೆದು ಪಶುವೈದ್ಯರ ಸಹಿ ಇರುವ ಪತ್ರವನ್ನು ಫೋಟೊ ಜೊತೆ ವಿಮಾ ಕಂಪನಿಗೆ ಕೊಟ್ಟು, ಪಾಲಿಸಿಯಲ್ಲಿ ಸಂಖ್ಯೆ ಬದಲಾದದ್ದಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ. “ನಾಳೆ ಕೊಟ್ರಾಯ್ತು” ಎಂದು ಬಿಡಬೇಡಿ. ಚಪ್ಪೆ ರೋಗ, ಹಾವಿನ ಕಡಿತ, ಸಿಡಿಲು ನಾಳೆಯವರೆಗೆ ಕಾಯುವುದಿಲ್ಲ.

ರಾಸು ಸತ್ತಾಗ ಓಲೆಯನ್ನು ಬಿಚ್ಚಬೇಡಿ, ಕಿವಿ ಕತ್ತರಿಸಿ ತರಬೇಡಿ. ಓಲೆ ಕಿವಿಯಲ್ಲಿರುವಾಗಲೇ ಫೋಟೊ ಆಗಬೇಕು, ಮರಣೋತ್ತರ ಪರೀಕ್ಷೆ ಆಗಬೇಕು. ಹೂಳುವ ಮೊದಲು ನಮಗೂ ಕಂಪನಿಗೂ ತಿಳಿಸಿ. ಒಂದು ಹಸುವಿನ ಓಲೆಯನ್ನು ಇನ್ನೊಂದಕ್ಕೆ ಹಾಕುವ ಯೋಚನೆ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಓಲೆಯ ಬೀಗ ಒಮ್ಮೆ ಕೂಡಿದರೆ ಕತ್ತರಿಸದೆ ಬಿಡದು, ಕತ್ತರಿಸಿದ್ದು ಮತ್ತೆ ಕೂಡದು. ಅಂಟು ಹಾಕಿದ್ದು ನೋಡಿದ ತಕ್ಷಣ ತಿಳಿಯುತ್ತದೆ. ಸುಳ್ಳು ಎಂದು ಗೊತ್ತಾದರೆ ಆ ಪರಿಹಾರದ ಅರ್ಜಿ ಅಲ್ಲಿಗೇ ಮುಗಿಯಿತು.

ಸಂತೆಯಲ್ಲಿ ಹಸು ಮಾರಿದಾಗಲೂ ಓಲೆ ತೆಗೆಯಬಾರದು, ಹಸುವಿನ ಜೊತೆಗೇ ಹೋಗಬೇಕು. ಆ್ಯಪ್‌ನಲ್ಲಿ ಮಾಲೀಕರ ಹೆಸರು ಬದಲಾಯಿಸಲು ಬರುತ್ತದೆ. ಬದಲಾಯಿಸದೆ ಬಿಟ್ಟರೆ ಮಾರಿದ ಹಸುವಿನ ಒಟಿಪಿ ಎರಡು ವರ್ಷವಾದರೂ ನಿಮ್ಮ ಫೋನಿಗೇ ಬರುತ್ತಿರುತ್ತದೆ, ಕೊಂಡವರಿಗೆ ಲಸಿಕೆ ದಾಖಲಾಗುವುದಿಲ್ಲ. ಕೊಳ್ಳುವಾಗ ನೀವೂ ಓಲೆ ಇದೆಯೇ ನೋಡಿ, ಸಂಖ್ಯೆಯನ್ನು ನಮಗೆ ಫೋನಿನಲ್ಲಿ ಓದಿ ಹೇಳಿ. ‘ಎರಡನೇ ಸೂಲು, ಐದು ತಿಂಗಳ ಗಬ್ಬ’ ಎಂದು ಮಾರುವವರು ಹೇಳಿದ್ದು ಎಷ್ಟು ನಿಜ ಎಂಬುದು, ದಾಖಲೆ ಸರಿಯಾಗಿ ಬರೆದಿದ್ದರೆ, ಹಗ್ಗ ಕೈಗೆ ಬರುವ ಮೊದಲೇ ಗೊತ್ತಾಗುತ್ತದೆ.

ಓಲೆ ಬದಲಾಯಿಸಬೇಕಾದವರು ಸಂಘದ ಕಾರ್ಯದರ್ಶಿಯವರಲ್ಲಿ ಹೆಸರು ಬರೆಸಿ. ಒಂದೇ ಊರಿನ ನಾಲ್ಕೈದು ಮನೆ ಸೇರಿದರೆ ಒಂದೇ ಸಲ ಬಂದು ಮಾಡಿಕೊಡಲು ನಮಗೂ ಅನುಕೂಲ. ಬರುವ ದಿನ ಹಾಲಿನ ಪಾಸ್‌ಬುಕ್, ವಿಮೆ ಇದ್ದರೆ ಪಾಲಿಸಿ ಕಾಗದ, ಹಳೆಯ ಓಲೆಯ ತುಂಡು, ಚಾರ್ಜ್ ಇರುವ ಫೋನ್ ಕೈಯಲ್ಲಿರಲಿ. ಹಸುವನ್ನು ಮೇಯಲು ಬಿಡಬೇಡಿ.