ಬೆಳಕು ಕಾಣದ ಆಟಗಳು

ಮಕ್ಕಳ ಆಟದ ಸಾಮಾನಿನ ಮಾತನ್ನು ಸಾಹಿತ್ಯದ ಪುಟದಲ್ಲಿ ಎತ್ತಿದರೆ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಹಸ್ತಪ್ರತಿಯ ಮಾತೆಂದರೆ ಯಾರೂ ಬೇಡವೆನ್ನಲಾರರು. ಇಲ್ಲಿ ಹೇಳಹೊರಟಿರುವುದು ಒಂದು ಬಗೆಯ ಹಸ್ತಪ್ರತಿಗಳ ವಿಚಾರವನ್ನೇ. ಅವು ತಾಳೆಗರಿಯ ಮೇಲೆ ಬರೆದವಲ್ಲ, ಕಾಗದದ ಮೇಲೆ ಬರೆದವೂ ಅಲ್ಲ. ಜರಿಹುಳುವಿಗಿರುವಂತೆ ಎರಡು ಸಾಲು ಕಾಲುಗಳುಳ್ಳ ಪುಟ್ಟ ಚಿಪ್‌ಗಳಲ್ಲಿ ಅಡಗಿರುವಂಥವು. ತಾಳೆಗರಿಗೆ ಗೆದ್ದಲಿನ ಭಯವಾದರೆ ಇವಕ್ಕೆ ಬಿಸಿಲಿನ ಭಯ.

ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರಗಳ ಕಥೆ ಬಹಳ ಹಳೆಯದೇನೂ ಅಲ್ಲ. ಅಟಾರಿ ಸಂಸ್ಥೆಯ ಹೆಸರುವಾಸಿಯಾದ ಯಂತ್ರ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1977ರಲ್ಲಿ. ಜಪಾನಿನ ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಮ್ 1983ರಲ್ಲಿ ಸ್ವದೇಶದಲ್ಲಿ ಹೊರಬಂದು, 1985ರಲ್ಲಿ ಹೆಸರನ್ನೂ ವೇಷವನ್ನೂ ಬದಲಾಯಿಸಿಕೊಂಡು ಅಮೆರಿಕವನ್ನು ಹೊಕ್ಕಿತು. ಈ ಯಂತ್ರಗಳಲ್ಲಿ ಒಂದೊಂದು ಆಟವೂ ಒಂದೊಂದು ಪ್ಲಾಸ್ಟಿಕ್ ಕರಂಡಕದಲ್ಲಿ ಬರುತ್ತಿತ್ತು. ಕಾರ್ಟ್ರಿಜ್ ಎಂದು ಅದರ ಹೆಸರು. ಅದನ್ನು ಬಿಚ್ಚಿದರೆ ಒಳಗೆ ಹಸಿರು ಹಲಗೆಯೊಂದು, ಅದರ ಮೇಲೆ ಆಟವನ್ನು ಹೊತ್ತ ಚಿಪ್.

ಅಂಗಡಿಯಲ್ಲಿ ಕೊಂಡ ಕಾರ್ಟ್ರಿಜ್‌ನ ಚಿಪ್ಪನ್ನು ಅಚ್ಚಾದ ಪುಸ್ತಕಕ್ಕೆ ಹೋಲಿಸಬಹುದು. ಕಾರ್ಖಾನೆಯಲ್ಲಿ ಅದನ್ನು ತಯಾರಿಸುವಾಗಲೇ ಆಟದ ಒಂದೊಂದು ಅಂಕಿಯೂ ಸಿಲಿಕಾನಿನ ರಚನೆಯಲ್ಲಿ ಸೇರಿಹೋಗುತ್ತದೆ. ಮತ್ತೆ ಅಳಿಸಲು ಬಾರದು. ಇಂಥ ಚಿಪ್‌ಗೆ ಅಚ್ಚುಮೊಳೆ ಜೋಡಿಸುವುದು ದುಬಾರಿಯ ಕೆಲಸವಾದ್ದರಿಂದ ಸಹಸ್ರಾರು ಪ್ರತಿಗಳು ಬೇಕಾದಾಗ ಮಾತ್ರ ಅದಕ್ಕೆ ಕೈಹಾಕುತ್ತಿದ್ದರು. ಅದಕ್ಕೆ ಮುಂಚೆ ಆಟವನ್ನು ಬರೆದವರು, ತಪ್ಪು ಹುಡುಕುವವರು, ಪತ್ರಿಕೆಗಳ ವಿಮರ್ಶಕರು ಇವರಿಗೆಲ್ಲ ಬೆರಳೆಣಿಕೆಯ ಕರಡು ಪ್ರತಿಗಳು ಸಾಕು. ಅವನ್ನು ಬರೆಯುತ್ತಿದ್ದುದು ಈಪ್ರಾಮ್ ಎಂಬ ಬೇರೊಂದು ಬಗೆಯ ಚಿಪ್ಪಿನ ಮೇಲೆ.

ಈ ಈಪ್ರಾಮ್ ಇಂಟೆಲ್ ಸಂಸ್ಥೆಯಲ್ಲಿ ಡೋವ್ ಫ್ರೋಮನ್ ಎಂಬ ವಿಜ್ಞಾನಿಯ ಕೈಯಲ್ಲಿ ಹುಟ್ಟಿ 1971ರಲ್ಲಿ ಹೊರಬಂದದ್ದು. ಅದರ ಬೆನ್ನಿನ ಮೇಲೆ ಸ್ಫಟಿಕದ ಒಂದು ದುಂಡು ಕಿಟಕಿಯುಂಟು. ಒಳಗೆ, ಸುತ್ತಲೂ ನಿರೋಧಕದ ಗೋಡೆಯುಳ್ಳ ಕೋಣೆಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿರುತ್ತಾರೆ. ಎಲೆಕ್ಟ್ರಾನು ಸೆರೆಯಿರುವ ಕೋಣೆ, ಸೆರೆಯಿಲ್ಲದ ಕೋಣೆ ಇವೇ ಅದರ ಸೊನ್ನೆ, ಒಂದು. ಕಿಟಕಿಯ ಮೂಲಕ ಅತಿನೇರಳೆ ಕಿರಣಗಳನ್ನು ಹಾಯಿಸಿದರೆ ಸೆರೆಯಲ್ಲಿದ್ದವೆಲ್ಲ ಗೋಡೆ ಹಾರಿ ಹೊರಟುಹೋಗುತ್ತವೆ. ಇಪ್ಪತ್ತು ನಿಮಿಷಗಳಲ್ಲಿ ಹಲಗೆ ಒರೆಸಿದಂತೆ ಚಿಪ್ ಬರಿದಾಗಿ, ಹೊಸ ಬರಹಕ್ಕೆ ಸಿದ್ಧವಾಗುತ್ತದೆ. ಅಳಿಸಿ ಮತ್ತೆ ಬರೆಯುವ ಅನುಕೂಲಕ್ಕಾಗಿಯೇ ಈ ಏರ್ಪಾಡು. ಆದರೆ ಅತಿನೇರಳೆ ಕಿರಣ ಪ್ರಯೋಗಶಾಲೆಯ ದೀಪದಲ್ಲಷ್ಟೇ ಇರುವುದೆ? ನೇರ ಬಿಸಿಲಿಗೆ ಬಿದ್ದರೆ ಸುಮಾರು ಒಂದು ವಾರದಲ್ಲಿ, ಕೊಠಡಿಯ ಕೊಳವೆದೀಪದ ಬೆಳಕಿನಲ್ಲಿ ಸುಮಾರು ಮೂರು ವರ್ಷಗಳಲ್ಲಿ ಚಿಪ್ ಅಳಿಸಿಹೋಗಬಹುದೆಂದು ಅದನ್ನು ತಯಾರಿಸಿದವರೇ ಎಚ್ಚರಿಸಿದ್ದರು. ಆದುದರಿಂದಲೇ ಕಿಟಕಿಯ ಮೇಲೆ ಒಂದು ಚೀಟಿ ಅಂಟಿಸುವ ಪದ್ಧತಿ. ಕತ್ತಲೆಯಲ್ಲಿಟ್ಟರೂ ಚಿರಾಯುವೆಂದೇನಲ್ಲ, ದಶಕಗಳು ಕಳೆದಂತೆ ಎಲೆಕ್ಟ್ರಾನುಗಳು ಒಂದೊಂದಾಗಿ ತಪ್ಪಿಸಿಕೊಳ್ಳುತ್ತವೆ. ಒಂದು ಅಕ್ಷರ ಮಾಸಿದರೆ ಓದುಗ ಊಹಿಸಿಕೊಂಡಾನು. ಇಲ್ಲಿ ಒಂದು ಅಂಕಿ ಕೆಟ್ಟರೂ ಆಟ ನಡುವೆಯೇ ನಿಂತುಹೋಗಬಹುದು.

ಹೊರಬಂದ ಆಟದ ಕರಡು ಹಾಳಾದರೆ ದೊಡ್ಡ ನಷ್ಟವಿಲ್ಲ. ಹೊರಬಾರದೆ ಉಳಿದ ಆಟಗಳ ಗತಿಯೇನು? ಬರೆದು ಮುಗಿಸಿದ ಮೇಲೆ ಸಂಸ್ಥೆಯ ಯಜಮಾನರು ಮನಸ್ಸು ಬದಲಾಯಿಸಿದ್ದುಂಟು. 1983ರಲ್ಲಿ ಅಮೆರಿಕದ ಆಟದ ಮಾರುಕಟ್ಟೆಯೇ ಕುಸಿದು, ಎಷ್ಟೋ ಸಂಸ್ಥೆಗಳ ಜೊತೆಗೆ ಅವುಗಳ ಆಟಗಳೂ ನೆಲ ಕಚ್ಚಿದ್ದುಂಟು. ಅಂಥ ಆಟ ಉಳಿದಿದ್ದರೆ ಯಾವನೋ ಮಾಜಿ ನೌಕರನ ಮೇಜಿನ ಖಾನೆಯಲ್ಲಿ, ಚೀಟಿ ಅಂಟಿಸಿದ ಎರಡೋ ಮೂರೋ ಚಿಪ್‌ಗಳಲ್ಲಿ ಉಳಿದಿರಬೇಕು.

ಇವುಗಳಲ್ಲಿ ಒಂದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆನಿಸುತ್ತದೆ. ಏಕೆಂದರೆ ಅದು ಒಂದು ಅನುವಾದದ ಕಥೆಯೂ ಹೌದು.

ಶಿಗೆಸಾತೊ ಇತೊಯಿ ಎಂಬವರು ಜಪಾನಿನಲ್ಲಿ ಜಾಹೀರಾತಿನ ಬರಹಗಾರರೆಂದೂ ಪ್ರಬಂಧಕಾರರೆಂದೂ ಪ್ರಸಿದ್ಧರು. ಅವರು ರಚಿಸಿದ 'ಮದರ್' ಎಂಬ ಆಟ 1989ರ ಜುಲೈನಲ್ಲಿ ಫ್ಯಾಮಿಕಾಮ್‌ಗಾಗಿ ಹೊರಬಂದಿತು. ಖಡ್ಗ, ಕೋಟೆ, ರಾಕ್ಷಸರ ಕಾಲವದು. ಇತೊಯಿಯವರ ಕಥೆ ನಡೆಯುವುದಾದರೋ ಅಮೆರಿಕದ ಸಾಮಾನ್ಯ ಊರುಗಳಲ್ಲಿ. ಕಥಾನಾಯಕ ಒಬ್ಬ ಹುಡುಗ. ಅವನ ತಂದೆ ಆಟದುದ್ದಕ್ಕೂ ಟೆಲಿಫೋನಿನ ಧ್ವನಿ ಮಾತ್ರ. ಮುಖವನ್ನು ನಾವು ಕಾಣುವುದೇ ಇಲ್ಲ. ಹುಡುಗನ ಮುತ್ತಜ್ಜ ಮುತ್ತಜ್ಜಿಯರು ಬಹಳ ಹಿಂದೆ ಕಾಣೆಯಾಗಿದ್ದರು. ಅನ್ಯಲೋಕದವರು ಅವರನ್ನು ಕೊಂಡೊಯ್ದಿದ್ದರು. ಅಲ್ಲಿ ಆ ಮುತ್ತಜ್ಜಿ ಒಂದು ಅನ್ಯಲೋಕದ ಶಿಶುವನ್ನು ಸಾಕಿ, ಲಾಲಿ ಹಾಡಿ ಬೆಳೆಸಿದಳು. ಆ ಶಿಶುವೇ ಬೆಳೆದು ಭೂಮಿಗೆ ಶತ್ರುವಾಗಿ ಬರುತ್ತಾನೆ. ಹುಡುಗ ಊರೂರು ಅಲೆದು ಎಂಟು ತುಣುಕಾಗಿ ಚದುರಿಹೋದ ಆ ಲಾಲಿಯನ್ನು ಕೂಡಿಸುತ್ತಾನೆ. ಕೊನೆಯ ಹೋರಾಟದಲ್ಲಿ ಆಯುಧಗಳೆಲ್ಲ ವ್ಯರ್ಥ. ಶತ್ರುವಿನೆದುರು ನಿಂತು ಲಾಲಿಯನ್ನು ಹಾಡಬೇಕು. ಕೇಳಲಾರದೆ ಅವನು ಹಿಂದಿರುಗುತ್ತಾನೆ. ಆಟದ ಸಾಮಾನೆಂದು ನಾವು ತಳ್ಳಿಹಾಕುವುದರೊಳಗೆ ಇಂಥ ಕಲ್ಪನೆಯೂ ಇರಬಲ್ಲುದು.

ಅಮೆರಿಕದ ಮಕ್ಕಳಿಗಾಗಿ ಇದರ ಇಂಗ್ಲಿಷ್ ಅನುವಾದ 1990ರಲ್ಲಿ ಸಿದ್ಧವಾಯಿತು. ಆ ಕೆಲಸದ ಹೊಣೆ ಹೊತ್ತವರು ಫಿಲ್ ಸ್ಯಾಂಡ್‌ಹಾಪ್. ಅನುವಾದವೆಂದರೆ ಇಲ್ಲಿ ಮಾತಿಗೆ ಮಾತು ಇಡುವುದಾಗಿರಲಿಲ್ಲ. ಜಪಾನೀ ಮೂಲದಲ್ಲಿ ಊರುಗಳಿಗೆ ಹಬ್ಬಗಳ ಹೆಸರು: ಒಂದಕ್ಕೆ ತಾಯಂದಿರ ದಿನದ ಹೆಸರು, ಮತ್ತೊಂದಕ್ಕೆ ಹ್ಯಾಲೋವೀನ್, ಇನ್ನೊಂದಕ್ಕೆ ವ್ಯಾಲೆಂಟೈನ್. ಹೊರಗಿನವನ ಕಣ್ಣಿಗೆ ಕಂಡ ಅಮೆರಿಕ ಅದು. ಅನುವಾದದಲ್ಲಿ ಮೊದಲನೆಯದು ಪೊಡಂಕ್ ಆಯಿತು. ನಾವು 'ಯಾವುದೋ ಮೂಲೆಯ ಕೊಂಪೆ' ಎನ್ನುವಾಗ ಅಮೆರಿಕದವರು ಹೇಳುವ ಹೆಸರದು. ಭೂತದ ಊರು ಸ್ಪೂಕೇನ್ ಆಯಿತು. ಸ್ಪೋಕೇನ್ ಎಂಬ ನಿಜವಾದ ಪಟ್ಟಣದ ಹೆಸರಿನೊಳಗೆ ದೆವ್ವವನ್ನು ಹೊಗಿಸಿದ ಶ್ಲೇಷೆ. ಲಾಸ್ ಏಂಜಲೀಸಿನ ಎರಡಕ್ಷರದ ಹ್ರಸ್ವರೂಪವನ್ನು ಉಚ್ಚಾರಣೆಯಂತೆಯೇ ಬರೆದು ಎಲ್ಲೇ ಎಂಬ ಊರಾಯಿತು. ಶಿಲುಬೆಗಳನ್ನು ತೆಗೆದರು, ಪಾತ್ರಗಳ ಬಾಯಲ್ಲಿದ್ದ ಸಿಗರೇಟನ್ನು ಕಿತ್ತರು. ನಿಧಾನವಾಗಿ ನಡೆಯುತ್ತಿದ್ದ ಹುಡುಗನಿಗೆ ಓಡುವ ಶಕ್ತಿ ಬಂತು. ಥಟ್ಟನೆ ಮುಗಿಯುತ್ತಿದ್ದ ಕಥೆಗೆ, ಯಾರಿಗೆ ಮುಂದೇನಾಯಿತೆಂದು ತೋರಿಸುವ ಹೊಸ ಉಪಸಂಹಾರವೂ ಸೇರಿತು. ಶಿಲುಬೆ ಸಿಗರೇಟುಗಳ ವಿಷಯದಲ್ಲಿ ಅಂಜಿಕೆ ಕೆಲಸ ಮಾಡಿದೆ, ನಿಜ. ಊರ ಹೆಸರುಗಳಲ್ಲಿ ಮಾತ್ರ ಒಬ್ಬ ನುರಿತ ಭಾಷಾಂತರಕಾರನ ಕೈ ಕಾಣುತ್ತದೆ.

ಇಷ್ಟಾಗಿ ಆಟ ಹೊರಬರಲಿಲ್ಲ. ಉಳಿಕೆಯ ಬ್ಯಾಟರಿಯುಳ್ಳ ಕಾರ್ಟ್ರಿಜ್ ಎಂದರೆ ಹೆಚ್ಚು ವೆಚ್ಚ. ಅಷ್ಟರಲ್ಲಿ 1991ರಲ್ಲಿ ನಿಂಟೆಂಡೊದ ಹೊಸ ಯಂತ್ರ ಅಮೆರಿಕಕ್ಕೆ ಬಂದು ಹಳೆಯದು ಹಿಂದೆ ಬಿತ್ತು. ಅನುವಾದ ಪೆಟ್ಟಿಗೆ ಸೇರಿತು.

ಅದರ ಒಂದು ಕರಡು ಕಾರ್ಟ್ರಿಜ್ 1998ರಲ್ಲಿ ಸಂಗ್ರಾಹಕರ ನಡುವೆ ಕಾಣಿಸಿಕೊಂಡಿತು. ನಿಯೋ ಡೆಮಿಫೋರ್ಸ್ ಎಂಬ ಅಭಿಮಾನಿಗಳ ಗುಂಪು ಹಣ ಕೂಡಿಸಿ ಅದರ ಪ್ರತಿ ಮಾಡಿಸಿತು. ಪ್ರತಿ ಮಾಡುವುದೆಂದರೆ ಚಿಪ್ಪಿನ ಒಂದೊಂದು ವಿಳಾಸವನ್ನೂ ಸಾಲಾಗಿ ಕೇಳಿ, ಅದು ಕೊಟ್ಟ ಉತ್ತರವನ್ನು ಕಂಪ್ಯೂಟರಿನಲ್ಲಿ ಬರೆದಿಡುವುದು. ತಾಳೆಗರಿಯ ಮುಂದೆ ಕುಳಿತ ಲಿಪಿಕಾರನ ಕೆಲಸವೇ, ಆದರೆ ಕ್ಷಣಗಳಲ್ಲಿ ಮುಗಿಯುವಂಥದು. 1995ರಲ್ಲಿ ಇದರ ಉತ್ತರಭಾಗ 'ಅರ್ತ್‌ಬೌಂಡ್' ಎಂಬ ಹೆಸರಿನಿಂದ ಅಮೆರಿಕದಲ್ಲಿ ಬಂದಿತ್ತಾದ್ದರಿಂದ, ಗೊಂದಲ ಬೇಡವೆಂದು ಗುಂಪಿನವರು ಇದಕ್ಕೆ 'ಅರ್ತ್‌ಬೌಂಡ್ ಜೀರೋ' ಎಂದು ಹೆಸರಿಟ್ಟು ಹಂಚಿದರು.

ಈಗ ಹುಟ್ಟಿತು ಹಸ್ತಪ್ರತಿ ಸಂಪಾದಕರಿಗೆ ಚಿರಪರಿಚಿತವಾದ ಜಗಳ: ಇದು ನಿಜವಾದ ಪ್ರತಿಯೋ ಕೃತಕವೋ? ಯಾರೋ ಅಭಿಮಾನಿ ಜಪಾನೀ ಆಟವನ್ನು ತಾನೇ ಅನುವಾದಿಸಿ ಸಂಸ್ಥೆಯ ಹೆಸರು ಹಚ್ಚಿಬಿಟ್ಟಿದ್ದರೆ? ಹೆಸರನ್ನು ಬದಲಾಯಿಸಿ ಹಂಚಿದ್ದೂ ಸಂಶಯಕ್ಕೆ ಎಡೆಯಾಯಿತು. ಸಂಪಾದಕರು ತಿದ್ದಿದ ಪಾಠವನ್ನು ಟಿಪ್ಪಣಿಯಿಲ್ಲದೆ ಪ್ರಕಟಿಸಿದರೆ ಆಗುವ ಅನಾಹುತ ನಮಗೂ ಹೊಸದಲ್ಲವಷ್ಟೆ. ಉತ್ತರ ಬಂದದ್ದು 2003ರಲ್ಲಿ, ಜಪಾನಿನಿಂದ. ಆ ವರ್ಷ ನಿಂಟೆಂಡೊ ತನ್ನ ಕೈಯಂತ್ರಕ್ಕಾಗಿ ಮೂಲ ಆಟವನ್ನು ಜಪಾನೀ ಭಾಷೆಯಲ್ಲೇ ಮತ್ತೆ ಹೊರತಂದಿತು. ನೋಡಿದರೆ, ಓಡುವ ಹುಡುಗ ಅಲ್ಲಿದ್ದಾನೆ. ಹೊಸ ಉಪಸಂಹಾರವೂ ಇದೆ. 1989ರ ಪ್ರತಿಯಲ್ಲಿಲ್ಲದ, ಆ ಕರಡಿನಲ್ಲಿ ಮಾತ್ರ ಕಂಡಿದ್ದ ಪಾಠಾಂತರಗಳು ಸಂಸ್ಥೆಯದೇ ಪ್ರಕಟಣೆಯಲ್ಲಿ ಕಾಣಿಸಿಕೊಂಡಿದ್ದವು. ಇದಕ್ಕಿಂತ ಬಲವಾದ ಅಂತಃಸಾಕ್ಷ್ಯ ಯಾವ ಸಂಪಾದಕನಿಗೆ ಬೇಕು? ಕಡೆಗೆ 2015ರ ಜೂನ್‌ನಲ್ಲಿ ನಿಂಟೆಂಡೊ ತಾನೇ ಆ ಅನುವಾದವನ್ನು 'ಅರ್ತ್‌ಬೌಂಡ್ ಬಿಗಿನಿಂಗ್ಸ್' ಎಂದು ಪ್ರಕಟಿಸಿತು. ಇತೊಯಿ ಒಂದು ಚಿತ್ರಸಂದೇಶದಲ್ಲಿ ಅದನ್ನು ಸಾರಿದರು. ಅನುವಾದ ಮುಗಿದು 25 ವರ್ಷಗಳಾಗಿದ್ದುವು.

ಎಲ್ಲ ಕಥೆಗಳೂ ಇಷ್ಟು ಸುತ್ತಿನವಲ್ಲ. ಬ್ರಿಟನ್ನಿನ ಆರ್ಗೊನಾಟ್ ಸಂಸ್ಥೆಯಿಂದ ಬಂದ ಡಿಲನ್ ಕತ್‌ಬರ್ಟ್ ಮುಂತಾದವರು ನಿಂಟೆಂಡೊದೊಡನೆ ಕೂಡಿ ರಚಿಸಿದ 'ಸ್ಟಾರ್ ಫಾಕ್ಸ್ 2' 1995ರ ಹೊತ್ತಿಗೆ ಸಿದ್ಧವಾಗಿತ್ತು. ಮುಂದಿನ ವರ್ಷ ಬರಲಿದ್ದ ಹೊಸ ಯಂತ್ರದ ಮುಂದೆ ಅದು ಮಂಕಾಗಿ ಕಂಡೀತೆಂದು ತಡೆದರು. ಅದರ ಕೆಲವು ಕಲ್ಪನೆಗಳು 1997ರ ಇನ್ನೊಂದು ಆಟದೊಳಗೆ ಕರಗಿದುವು. ಕರಡು ಪ್ರತಿಗಳು ಅಭಿಮಾನಿಗಳ ಕೈಯಿಂದ ಕೈಗೆ ಓಡಾಡಿದುವು. ಮೂಲ ಆಟ 2017ರ ಸೆಪ್ಟೆಂಬರಿನಲ್ಲಿ ಅಧಿಕೃತವಾಗಿ ಹೊರಬಂದಿತು. ಅಟಾರಿಯ 'ಸೋರ್ಡ್‌ಕ್ವೆಸ್ಟ್' ಮಾಲಿಕೆಯ ಪಾಡು ಬೇರೆ. ನಾಲ್ಕು ಭಾಗಗಳೆಂದು ಸಾರಿ, ಗೆದ್ದವರಿಗೆ ಚಿನ್ನದ ಬಹುಮಾನಗಳನ್ನು ಘೋಷಿಸಿ, ಮೂರನೆಯ ಭಾಗಕ್ಕೇ ಎಲ್ಲ ನಿಂತಿತು. ನಾಲ್ಕನೆಯದಾದ 'ಏರ್‌ವರ್ಲ್ಡ್' 2022ರಲ್ಲಿ ಬಂದುದೇನೋ ಹೌದು. ಆದರೆ ಅದು ಇಂದಿನವರು ಹೊಸದಾಗಿ ಕಟ್ಟಿದ್ದು. ಕಳೆದುಹೋದ ಸಂಧಿಯನ್ನು ಬೇರೊಬ್ಬ ಕವಿ ಬರೆದು ಸೇರಿಸಿದಂತೆ. ಬೇಡವೆನ್ನಲಾರೆ, ಆದರೆ ದೊರಕಿತೆಂದೂ ಹೇಳಲಾರೆ.

ಹಾಗಾದರೆ ಅಭಿಮಾನಿಗಳು ಮಾಡಿದ್ದು ಸರಿಯೆ? ಕಾನೂನಿನ ಕಣ್ಣಿಗೆ ಒಡೆಯನ ಅಪ್ಪಣೆಯಿಲ್ಲದೆ ಪ್ರತಿ ಮಾಡಿ ಹಂಚುವುದು ತಪ್ಪು. ಇನ್ನೊಂದು ಕಡೆ ಸಂಗ್ರಾಹಕರಿದ್ದಾರೆ. ನಿಂಟೆಂಡೊ ಮತ್ತು ಸೋನಿ ಜೊತೆಯಾಗಿ ಯೋಜಿಸಿ ಕೈಬಿಟ್ಟ ಯಂತ್ರವೊಂದರ ಮೂಲಮಾದರಿ 2020ರ ಹರಾಜಿನಲ್ಲಿ 3,60,000 ಡಾಲರಿಗೆ ಹೋಯಿತು. ವಸ್ತು ಒಂದೇ ಒಂದಿದ್ದರೆ ಮಾತ್ರ ಆ ಬೆಲೆ. ಆಟದ ಪ್ರತಿ ಊರೆಲ್ಲ ಹರಡಿದರೆ ತನ್ನ ಚಿಪ್ಪಿನ ಬೆಲೆ ಇಳಿದೀತೆಂಬ ಅಂಜಿಕೆಯಿಂದ ಕೆಲವರು ಯಾರಿಗೂ ಮುಟ್ಟಗೊಡುವುದಿಲ್ಲ. ಬೀಗ ಹಾಕಿಟ್ಟ ಪೆಟ್ಟಿಗೆಯೊಳಗೆ ಎಲೆಕ್ಟ್ರಾನುಗಳು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಹೊರಡುತ್ತಿರುತ್ತವೆ. ಒಡೆಯನೂ ಪ್ರಕಟಿಸಲೊಲ್ಲ, ಸಂಗ್ರಾಹಕನೂ ಕೊಡಲೊಲ್ಲ ಎಂಬಲ್ಲಿ ನನ್ನ ಮನಸ್ಸು ಪ್ರತಿ ಮಾಡಿದವನ ಕಡೆಗೇ ವಾಲುತ್ತದೆ. 1998ರಲ್ಲಿ ಆ ಗುಂಪು ಸುಮ್ಮನಿದ್ದಿದ್ದರೆ ಆ ಅನುವಾದಕ್ಕಾಗಿ ಕಾಯುವವರಾದರೂ ಯಾರಿರುತ್ತಿದ್ದರು?

ಹೊರಬಂದ ಆಟಗಳ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಹೊರಬಂದ ಆಟಗಳಲ್ಲಿ ಶೇಕಡ 87ರಷ್ಟು ಈಗ ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಕಂಡುಕೊಂಡಿತು. ಗ್ರಂಥಾಲಯಗಳು ಇಂಥ ಆಟಗಳನ್ನು ದೂರದ ವಿದ್ವಾಂಸರಿಗೂ ಒದಗಿಸಲು ಅವಕಾಶ ಬೇಕೆಂಬ ಕೋರಿಕೆಯನ್ನು ಅಲ್ಲಿಯ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು.

ಇದೇ ಸಂಸ್ಥೆಯ ಇನ್ನೊಂದು ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಕ್ರಿಸ್ ಓಬರ್ತ್ ಎಂಬವರು ಅಮೆರಿಕದ ಮೊದಮೊದಲ ಆಟಗಾರಿಕೆಯ ಬರಹಗಾರರಲ್ಲೊಬ್ಬರು. 1982ರ 'ಆಂಟ್‌ಈಟರ್' ಅವರದು. 'ಡೇಸ್ ಆಫ್ ಥಂಡರ್' ಎಂಬ 1990ರ ಚಲನಚಿತ್ರವನ್ನು ಆಧರಿಸಿ ನಿಂಟೆಂಡೊ ಯಂತ್ರಕ್ಕಾಗಿ ಅವರು ಒಂದು ಮೋಟಾರು ಪಂದ್ಯದ ಆಟವನ್ನು ಬರೆದಿದ್ದರು. ಪ್ರಕಾಶಕರು ಕೊನೆಗೆ ಹೊರತಂದದ್ದು ಬೇರೆಯವರು ಬರೆದ ಆಟವನ್ನು. ಓಬರ್ತ್ 2012ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಪೆಟ್ಟಿಗೆಗಳಲ್ಲಿ ಹಳೆಯ ಫ್ಲಾಪಿ ತಟ್ಟೆಗಳಿದ್ದವು. ಕುಟುಂಬದವರು ಅವನ್ನು ಸಂಸ್ಥೆಯ ಕೈಗಿತ್ತರು. ಅಲ್ಲಿದ್ದುದು ನೇರವಾಗಿ ಆಡಬಲ್ಲ ಆಟವಲ್ಲ; ಅವರು ಕೀಲಿಮಣೆಯ ಮೇಲೆ ಬರೆದ ಮೂಲ ಆದೇಶಗಳ ಪಾಠ. ರಿಚ್ ವೈಟ್‌ಹೌಸ್ ಎಂಬ ತಜ್ಞರು ಆ ಪಾಠವನ್ನು ತಟ್ಟೆಗಳಿಂದ ಎತ್ತಿ, ಕ್ರಮಕ್ಕೆ ತಂದು, ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಮತ್ತೆ ತಿರುಗಿಸಿದರು. 2020ರಲ್ಲಿ, ಬರೆದು ಸುಮಾರು 30 ವರ್ಷಗಳ ಮೇಲೆ, ಬರೆದವರು ಇಲ್ಲವಾಗಿ ಎಂಟು ವರ್ಷಗಳ ಮೇಲೆ, ಓಬರ್ತ್ ಅವರ ಮೋಟಾರು ಟೆಲಿವಿಷನ್ ಪರದೆಯ ಮೇಲೆ ಓಡಿತು.