ಮೈಕು ಬಂದ ಕಾಲದ ಲಂಡನ್

ತಪ್ಪು ಕಲ್ಪನೆ: ವಿದ್ಯುತ್ ಧ್ವನಿಮುದ್ರಣ ಶುರುವಾದದ್ದು 1925ರಲ್ಲಿ, ಅಮೆರಿಕದಲ್ಲಿ.

ವಾಸ್ತವ: ಅದಕ್ಕೂ ಐದು ವರ್ಷ ಮೊದಲೇ ಲಂಡನ್ನಿನಲ್ಲಿ ಇದು ನಡೆದಿತ್ತು. 1920ರ ನವೆಂಬರ್ 11ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ಮಹಾಯುದ್ಧದಲ್ಲಿ ಮಡಿದ ಹೆಸರು ಗೊತ್ತಿಲ್ಲದ ಯೋಧನೊಬ್ಬನನ್ನು ಮಣ್ಣು ಮಾಡಿದರು. ಲಯೊನೆಲ್ ಗೆಸ್ಟ್, ಹೊರೇಸ್ ಮೆರಿಮನ್ ಎಂಬಿಬ್ಬರು ಒಳಗೆ ಮೈಕು ಇಟ್ಟು, ತಂತಿ ಎಳೆದು, ಹೊರಗಿದ್ದ ಯಂತ್ರದಲ್ಲಿ ಪ್ರಾರ್ಥನೆಯನ್ನು ಮುದ್ರಿಸಿಕೊಂಡರು. ಅದರಲ್ಲಿ ಕಿವಿಗೆ ದಕ್ಕಿದ ಎರಡು ಗೀತೆಗಳನ್ನಷ್ಟೇ ಕೊಲಂಬಿಯಾ ಕಂಪನಿ ರೆಕಾರ್ಡು ಮಾಡಿಕೊಟ್ಟಿತು; ಮಾರಿದ ಹಣ ಅಬೆಯ ದುರಸ್ತಿಗೆ ಹೋಯಿತು. ಜನರಿಗೆ ಮಾರಿದ ಮೊದಲ ವಿದ್ಯುತ್ ಧ್ವನಿಮುದ್ರಿಕೆ ಎಂದು ಸಾಮಾನ್ಯವಾಗಿ ಇದನ್ನೇ ಎಣಿಸುತ್ತಾರೆ. ಗುಣ ಮಾತ್ರ ಕಳಪೆ, ಬಾವಿಯೊಳಗೆ ನಿಂತು ಹಾಡಿದ ಹಾಗೆ. 1925ರಲ್ಲಿ ಗೆದ್ದದ್ದು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯವರ ವಿಧಾನ. ಮೊದಲಿಗರಾಗುವುದು ಬೇರೆ, ಗೆಲ್ಲುವುದು ಬೇರೆ.

ತಪ್ಪು ಕಲ್ಪನೆ: ಹಳೆಯ ಗಾಯಕರ ದನಿಯೇ ಕೀರಲು.

ವಾಸ್ತವ: ಮೈಕಿಲ್ಲದ ಕಾಲದಲ್ಲಿ ಮೇಣದ ತಟ್ಟೆಯ ಮೇಲೆ ಗೀರು ಎಳೆಯಲು ಇದ್ದ ಬಲ ಹಾಡುವವರ ದನಿಯೊಂದೇ. ಎಲ್ಲರೂ ದನಿ ಹಿಡಿಯುವ ಹಾರ್ನಿನ ಬಾಯಿಗೆ ಒತ್ತಿಕೊಂಡು ನಿಲ್ಲಬೇಕು, ಗಂಟಲೆತ್ತಿ ಹಾಡಬೇಕು. ಮಂದ್ರವೂ ಹೋಗುತ್ತಿತ್ತು, ತೀರ ಮೇಲಿನ ನಾದವೂ ಹೋಗುತ್ತಿತ್ತು. ಪಿಟೀಲಿನ ದನಿ ಸಾಲದೆಂದು ಲಂಡನ್ನಿನ ಆಗಸ್ಟಸ್ ಸ್ಟ್ರೋ ಅದಕ್ಕೂ ಲೋಹದ ಹಾರ್ನು ಕಟ್ಟಿದ್ದ! 1902ರಲ್ಲಿ ಲಂಡನ್ನಿನ ರೆಕಾರ್ಡು ಕಂಪನಿ ಕಳಿಸಿದ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್‌ರನ್ನು ಮುದ್ರಿಸಿಕೊಂಡದ್ದೂ ದನಿ ಹಿಡಿಯುವ ಹಾರ್ನಿನಲ್ಲೇ. 1930ರಲ್ಲಿ ನಮ್ಮ ಮೈಸೂರಿನಲ್ಲಿ ತೀರಿಕೊಂಡ ಆ ಗಾಯಕಿಯನ್ನು ಆ ರೆಕಾರ್ಡುಗಳಿಂದಷ್ಟೇ ಅಳೆದರೆ ಅನ್ಯಾಯ. ಮೈಕು ಬಂದ ಮೇಲೆ ಹಾಡುವವರು ತಮ್ಮ ಜಾಗದಲ್ಲೇ ನಿಂತರು, ಯಂತ್ರವೇ ಅವರಿದ್ದಲ್ಲಿಗೆ ಹೋಯಿತು. 1927ರಲ್ಲಿ ಎಚ್‌ಎಂವಿ ರೆಕಾರ್ಡು ಕಂಪನಿಯ ಮುದ್ರಣದ ವ್ಯಾನು ಲಂಡನ್ನಿನ ಟೆಂಪಲ್ ಚರ್ಚಿಗೇ ಬಂದು ಅರ್ನೆಸ್ಟ್ ಲಫ್ ಎಂಬ ಹುಡುಗನ ಹಾಡನ್ನು ಮುದ್ರಿಸಿತು. ಆ ರೆಕಾರ್ಡು ಅಪಾರವಾಗಿ ಮಾರಾಟವಾಯಿತು.

ತಪ್ಪು ಕಲ್ಪನೆ: ವಿದ್ಯುತ್ ಧ್ವನಿಮುದ್ರಿಕೆಯನ್ನು ಕೇಳಲು ಮನೆಯಲ್ಲಿ ಕರೆಂಟು ಬೇಕಿತ್ತು.

ವಾಸ್ತವ: ಬೇಕಿರಲಿಲ್ಲ. ಕೀಲಿ ಕೊಡುವ ಗ್ರಾಮೋಫೋನೇ ಸಾಕು. ಸ್ಟುಡಿಯೋದಲ್ಲೂ ಮೇಣದ ತಟ್ಟೆಯನ್ನು ಒಂದೇ ವೇಗದಲ್ಲಿ ತಿರುಗಿಸಲು ಬಹುಕಾಲ ಇಳಿಬಿಟ್ಟ ತೂಕದ ಗುಂಡನ್ನೇ ನಂಬಿದ್ದರು.

ತಪ್ಪು ಕಲ್ಪನೆ: ವಿದ್ಯುತ್ ಧ್ವನಿಮುದ್ರಣದ ವಿದ್ಯೆಯನ್ನು ಲಂಡನ್ ಬರೀ ಎರವಲು ತಂದಿತು.

ವಾಸ್ತವ: ವೆಸ್ಟರ್ನ್ ಎಲೆಕ್ಟ್ರಿಕ್‌ಗೆ ಅದರ ವಿಧಾನ ಬಳಸಿದ್ದಕ್ಕೆ ರಾಯಧನ ಕೊಟ್ಟು ಕೊಟ್ಟು ಬೇಸತ್ತ ಕೊಲಂಬಿಯಾ, 1929ರಲ್ಲಿ ಅಲನ್ ಬ್ಲಮ್‌ಲೈನ್ ಎಂಬ ಎಂಜಿನಿಯರನ್ನು ಸೇರಿಸಿಕೊಂಡಿತು. ವೆಸ್ಟರ್ನ್ ಎಲೆಕ್ಟ್ರಿಕ್‌ನ ಪೇಟೆಂಟುಗಳಿಂದ ತಪ್ಪಿಸಿಕೊಂಡು ಆತ ಹೊಸ ಮುದ್ರಣ ವ್ಯವಸ್ಥೆಯನ್ನೇ ಕಟ್ಟಿದ. 1931ರ ಡಿಸೆಂಬರಿನಲ್ಲಿ ಸ್ಟೀರಿಯೊಗೆ ಪೇಟೆಂಟ್ ಅರ್ಜಿ ಹಾಕಿದವನೂ ಅವನೇ.