ನಿಮಗಿದು ಗೊತ್ತೆ? ಹಲ್ಲಿಗೆ ತುಂಬಿದ ವಸ್ತುವೂ ಪಾಚಿ ಕಟ್ಟುತ್ತದೆ

ಹುಳುಕು ಹಲ್ಲಿನ ಕುಳಿ ಮುಚ್ಚಲು ತುಂಬುವ ವಸ್ತುವೇ ಕೆಲವೊಮ್ಮೆ ಸಹಜ ಹಲ್ಲಿಗಿಂತ ಹೆಚ್ಚು ದಂತಪಾಚಿಯನ್ನು, ಎಂದರೆ ಬ್ಯಾಕ್ಟೀರಿಯಾಗಳು ಗುಂಪುಗೂಡಿ ಕಟ್ಟುವ ಅಂಟಾದ ಪದರವನ್ನು, ಹಿಡಿದಿಟ್ಟುಕೊಳ್ಳುತ್ತದೆ. ನೋಡಲು ಚೆಂದವಿರುವ, ಹಲ್ಲಿನ ಬಣ್ಣಕ್ಕೇ ಹೊಂದುವ ಕಾಂಪೋಸಿಟ್, ಅಂದರೆ ಗಾಜಿನ ನುಣ್ಣನೆಯ ಪುಡಿ ಬೆರೆತ ರಾಳ, ಈ ವಿಷಯದಲ್ಲಿ ಬೆಳ್ಳಿ ಮತ್ತು ಪಾದರಸದ ಹಳೆಯ ಮಿಶ್ರಲೋಹವಾದ ಅಮಾಲ್ಗಮ್‌ಗಿಂತ ಹಿಂದುಳಿದಿದೆ. ಏಕೆಂದರೆ ಅಮಾಲ್ಗಮ್‌ನಿಂದ ಹೊರಬೀಳುವ ಲೋಹದ ಅಯಾನುಗಳು ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ, ರಾಳಕ್ಕೆ ಆ ಗುಣವಿಲ್ಲ. ಅದು ಗಟ್ಟಿಯಾಗುವಾಗ ತುಸು ಕುಗ್ಗುವುದರಿಂದ ಅಂಚಿನಲ್ಲಿ ಕೂದಲೆಳೆಯ ಬಿರುಕು ಉಳಿಯಬಹುದು. ಹುಳುಕಿಗೆ ಮುಖ್ಯ ಕಾರಣಗಳಲ್ಲೊಂದಾದ ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್ ಆ ಸಂದಿಯಲ್ಲಿ ನೆಲೆಸಿ, ಸಕ್ಕರೆಯನ್ನು ಆಮ್ಲವಾಗಿಸುವುದಲ್ಲದೆ, ತನ್ನ ಕಿಣ್ವಗಳಿಂದ ರಾಳವನ್ನೇ ನಿಧಾನವಾಗಿ ಸವೆಸುತ್ತದೆ.

ಒರಟುತನವೂ ಅಷ್ಟೇ ನಿರ್ಣಾಯಕ. ಮೇಲ್ಮೈಯ ಏರಿಳಿತ 0.2 ಮೈಕ್ರೋಮೀಟರ್, ಎಂದರೆ ಮಿಲಿಮೀಟರಿನ 5,000ದಲ್ಲಿ ಒಂದು ಭಾಗ, ದಾಟಿದರೆ ಪಾಚಿ ಹೆಚ್ಚತೊಡಗುತ್ತದೆ.

ಗ್ಲಾಸ್ ಅಯೋನೋಮರ್ ಎಂಬ ಸಿಮೆಂಟಿನ ಬಗೆ ಬೇರೆ: ಅದು ಫ್ಲೋರೈಡನ್ನು ಮೊದಲ ದಿನಗಳಲ್ಲಿ ಹೆಚ್ಚಾಗಿ, ಆಮೇಲೆ ಅಲ್ಪವಾಗಿ ಬಿಡುತ್ತ, ಟೂತ್‌ಪೇಸ್ಟಿನಿಂದ ಮತ್ತೆ ಹೀರಿಕೊಳ್ಳುತ್ತದೆ, ಆದರೆ ಬೇಗ ಸವೆದು ಒರಟಾಗುತ್ತದೆ. ವಿದ್ಯುತ್ ಯಂತ್ರವಿಲ್ಲದೆ ಕೈ ಉಪಕರಣಗಳಿಂದಲೇ ಹುಳುಕು ಕೆರೆದು ಇದನ್ನು ತುಂಬಬಹುದಾದ್ದರಿಂದ, ರಾಮನಗರದ ಕೂಟಗಲ್‌ನಂಥ ಹೋಬಳಿಗಳ ಶಾಲಾ ಶಿಬಿರಗಳಿಗೆ ಇದಕ್ಕಿಂತ ಅನುಕೂಲವಾದ ವಸ್ತು ವಿರಳ. ಕಾಂಪೋಸಿಟ್ ತುಂಬಿಸಿಕೊಳ್ಳುವವರು ಮಾತ್ರ, ಅದನ್ನು ನುಣುಪಾಗಿ ಪಾಲಿಶ್ ಮಾಡಿಸಿಕೊಳ್ಳದೆ ವೈದ್ಯರ ಕುರ್ಚಿಯಿಂದ ಏಳಬಾರದು.